ನಗರದ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು: ಎಲ್ಲಿ, ಹೇಗೆ, ಎಷ್ಟು ಹೊತ್ತು

ರಸ್ತೆ ಬದಿಯ ಪಾರ್ಕಿಂಗ್ ನಿಯಮಗಳು ದೇಶದಿಂದ ದೇಶಕ್ಕೆ, ಊರಿಂದ ಊರಿಗೆ ಬದಲಾಗುತ್ತವೆ. ಒಂದು ಕಡೆ ಹಳದಿ ಗೆರೆಗೆ ಇರುವ ಅರ್ಥ ಇನ್ನೊಂದು ಕಡೆ ಇರುವುದಿಲ್ಲ. ಒಂದು ದೇಶದ 5 ಮೀಟರ್ ಇನ್ನೊಂದರಲ್ಲಿ 10 ಆಗುತ್ತದೆ. ಎಲ್ಲವನ್ನೂ ಬಾಯಿಪಾಠ ಮಾಡುವುದು ಆಗದ ಮಾತು. ಆದರೆ ಈ ನಿಯಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಕಾಣುವ ಕಾರಣಗಳು ಮುಖ್ಯವಾಗಿ ಎರಡೇ: ನಿಂತ ಗಾಡಿ ಯಾರದೋ ನೋಟಕ್ಕೆ ಅಡ್ಡ ಬರುತ್ತದೆ, ಇಲ್ಲವೇ ಯಾರದೋ ದಾರಿಗೆ ಅಡ್ಡ ಬರುತ್ತದೆ. ಇಂಜಿನ್ ಆಫ್ ಮಾಡುವ ಮುನ್ನ ಈ ಎರಡನ್ನೂ ಕೇಳಿಕೊಳ್ಳುವವರು ಬೋರ್ಡೇ ಇಲ್ಲದ ಗಲ್ಲಿಯಲ್ಲೂ ಬಹುತೇಕ ಸರಿಯಾಗಿಯೇ ನಿಲ್ಲಿಸುತ್ತಾರೆ.

ಇಲ್ಲಿನ ಸೂಚನೆಗಳೆಲ್ಲ ಎಡಬದಿಯಲ್ಲಿ ಗಾಡಿ ಓಡಿಸುವ ರಸ್ತೆಗೆ ಬರೆದವು. ಬಲಬದಿಯ ಸಂಚಾರವಿರುವ ದೇಶದಲ್ಲಿ ಎಡ, ಬಲ ಅದಲುಬದಲು ಮಾಡಿಕೊಳ್ಳಿ.

ಕ್ಷಣ ನಿಲ್ಲುವುದು, ನಿಲ್ಲಿಸಿ ಹೋಗುವುದು

ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. 1968ರಲ್ಲಿ ವಿಯೆನ್ನಾದಲ್ಲಿ ಆದ ರಸ್ತೆ ಸಂಚಾರ ಒಪ್ಪಂದದ ಪ್ರಕಾರ, ಜನರನ್ನು ಹತ್ತಿಸಿ ಇಳಿಸಲು ಅಥವಾ ಸಾಮಾನು ತುಂಬಿ ಇಳಿಸಲು ಬೇಕಾದಷ್ಟು ಹೊತ್ತು ಮಾತ್ರ ನಿಂತರೆ ಅದು ‘ನಿಲ್ಲುವುದು’. ಅದಕ್ಕಿಂತ ಹೆಚ್ಚಾದರೆ ‘ಪಾರ್ಕಿಂಗ್’. ಸಿಗ್ನಲ್ಲಿನಲ್ಲೋ ಟ್ರಾಫಿಕ್ಕಿನಲ್ಲೋ ನಿಂತದ್ದು ಎರಡೂ ಅಲ್ಲ. ಜರ್ಮನಿ ಇದನ್ನು ನಿಮಿಷದ ಲೆಕ್ಕದಲ್ಲಿ ಹೇಳುತ್ತದೆ: ಗಾಡಿ ಬಿಟ್ಟು ಹೋದರೆ, ಅಥವಾ 3 ನಿಮಿಷಕ್ಕಿಂತ ಹೆಚ್ಚು ನಿಂತರೆ, ಅದು ಪಾರ್ಕಿಂಗ್.

ಇದರಿಂದ ಎರಡು ತಪ್ಪು ತಿಳಿವಳಿಕೆಗಳು ಬಿದ್ದುಹೋಗುತ್ತವೆ. ಡ್ರೈವರ್ ಸೀಟಿನಲ್ಲಿ ಕೂತೇ ಇದ್ದರೆ ಪಾರ್ಕಿಂಗ್ ಆಗುವುದಿಲ್ಲ ಎನ್ನುವುದು ಮೊದಲನೆಯದು. ಗೆಳೆಯರಿಗಾಗಿ ಕಾಲು ಗಂಟೆ ಕಾಯುತ್ತ ಕೂತರೆ ಅದೂ ಪಾರ್ಕಿಂಗೇ. ನಾಲ್ಕೂ ಇಂಡಿಕೇಟರ್ ಹಾಕಿಬಿಟ್ಟರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎನ್ನುವುದು ಎರಡನೆಯದು. ಆ ದೀಪ ಇರುವುದು ಗಾಡಿ ಕೆಟ್ಟಾಗ, ಅಪಾಯವಿದ್ದಾಗ ಹಿಂದಿನವರನ್ನು ಎಚ್ಚರಿಸಲು. ನಿಷೇಧವಿರುವ ಜಾಗಕ್ಕೆ ಅದು ಪರವಾನಗಿ ಕೊಡುವುದಿಲ್ಲ.

ಬೋರ್ಡು ಓದುವ ಕ್ರಮ

ಭಾರತವೂ ಸೇರಿ ಜಗತ್ತಿನ ಬಹುಪಾಲು ದೇಶಗಳಲ್ಲಿ ಎರಡು ಚಿಹ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇವೆ. ನೀಲಿ ವೃತ್ತ, ಕೆಂಪು ಅಂಚು, ನಡುವೆ ಒಂದು ಓರೆಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಜನರನ್ನು ಇಳಿಸಿ ಹೊರಡಬಹುದು. ಓರೆಗೆರೆ ಎರಡಾಗಿ ಕತ್ತರಿಯಾಕಾರ ಇದ್ದರೆ ಇಳಿಸಲೂ ನಿಲ್ಲುವಂತಿಲ್ಲ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಗೆರೆ ಎಣಿಸಿ. ಕೆಲವು ದೇಶಗಳಲ್ಲಿ ಒಂದೇ ಓರೆಗೆರೆಯ ಚಿಹ್ನೆಯಲ್ಲಿ ಅದರ ಜೊತೆಗೆ ನೇರವಾಗಿ ನಿಂತ ಒಂದು ಬಿಳಿ ಗೆರೆ ಅಥವಾ ಎರಡು ಬಿಳಿ ಗೆರೆ ಇರುತ್ತವೆ. ಒಂದು ಬಿಳಿ ಗೆರೆ ಎಂದರೆ ಬೆಸ ತಾರೀಖಿನಂದು ಆ ಬದಿಯಲ್ಲಿ ನಿಷೇಧ, ಎರಡು ಎಂದರೆ ಸಮ ತಾರೀಖಿನಂದು.

ಚಿಹ್ನೆ ಕಂಡ ಮೇಲೆ ಅದರ ಕೆಳಗಿನ ಪಟ್ಟಿಗಳನ್ನು ಈ ಕ್ರಮದಲ್ಲಿ ನೋಡಿ:

1. ಬಾಣ ಯಾವ ಕಡೆಗಿದೆ? ನಿಷೇಧ ಆ ಕಂಬದಿಂದ ಬಾಣದ ದಿಕ್ಕಿಗೆ ಅನ್ವಯಿಸುತ್ತದೆ. ಎರಡೂ ಕಡೆ ಬಾಣವಿದ್ದರೆ ನೀವು ನಿಷೇಧದ ನಡುವೆಯೇ ಇದ್ದೀರಿ.
2. ಯಾವ ದಿನ? ವಾರದ ದಿನಗಳೋ, ರಜಾ ದಿನವೂ ಸೇರಿಯೋ?
3. ಯಾವ ಹೊತ್ತು? ಸಮಯ ಬರೆದಿಲ್ಲವೆಂದರೆ ಸಾಮಾನ್ಯವಾಗಿ ದಿನದ 24 ಗಂಟೆಯೂ ಎಂದೇ ಅರ್ಥ.
4. ಯಾವ ಗಾಡಿಗೆ? ಕಾರಿನ ಚಿತ್ರವಿದ್ದರೆ ಕಾರಿಗೆ, ಲಾರಿಯಿದ್ದರೆ ಲಾರಿಗೆ. ಪರ್ಮಿಟ್ ಇರುವವರಿಗೆ ವಿನಾಯಿತಿ ಎಂದಿದ್ದರೆ ಅದು ಉಳಿದವರಿಗೆಲ್ಲ ನಿಷೇಧ.

ಒಂದೇ ಕಂಬದಲ್ಲಿ ಮೂರ್ನಾಲ್ಕು ಬೋರ್ಡು ಇದ್ದರೆ ಒಂದೊಂದನ್ನೂ ನೀವು ಅಲ್ಲಿ ನಿಲ್ಲಿಸಿರುವ ಪೂರ್ತಿ ಅವಧಿಗೆ ಹೊಂದಿಸಿ ನೋಡಬೇಕು. ಹೆಚ್ಚಿನ ದಂಡಗಳು ಬೀಳುವುದು ಇಲ್ಲೇ. ಮಧ್ಯಾಹ್ನ 3 ಗಂಟೆಗೆ ನಿಲ್ಲಿಸುವಾಗ ಎಲ್ಲ ಸರಿಯಿರುತ್ತದೆ. ಸಂಜೆ 4ರಿಂದ ಆ ಸಾಲೇ ಬಸ್ಸಿನ ಸಾಲಾಗುತ್ತದೆ. ನೀವು ಮರಳುವುದು 4.20ಕ್ಕೆ.

ಇನ್ನೊಂದು ಬಲೆ ವಲಯದ ಬೋರ್ಡು. ಇಡೀ ಬಡಾವಣೆಗೆ ಒಂದೇ ನಿಯಮವಿದ್ದಾಗ ಅದನ್ನು ಬಡಾವಣೆಗೆ ಒಳಬರುವ ಬಾಯಲ್ಲಿ ಮಾತ್ರ ಹಾಕಿರುತ್ತಾರೆ, ಒಳಗಿನ ಬೀದಿಗಳಲ್ಲಿ ಮತ್ತೆ ಹಾಕುವುದಿಲ್ಲ. ನಿಲ್ಲಿಸಿದ ಬೀದಿಯಲ್ಲಿ ಏನೂ ಬರೆದಿಲ್ಲ ಎಂದು ನೆಮ್ಮದಿಯಿಂದ ಇರುವ ಮುನ್ನ, ಒಳಗೆ ಬರುವಾಗ ಏನು ದಾಟಿ ಬಂದಿರಿ ಎಂದು ನೆನಪು ಮಾಡಿಕೊಳ್ಳಿ.

ಬಣ್ಣದ ಗೆರೆಗಳಿಗೆ ಜಗತ್ತಿಗೆಲ್ಲ ಒಂದೇ ಅರ್ಥವಿಲ್ಲ. ಬ್ರಿಟನ್ನಿನಲ್ಲಿ ಜೋಡಿ ಹಳದಿ ಗೆರೆ ಎಂದರೆ ಯಾವ ಹೊತ್ತಿನಲ್ಲೂ ಗಾಡಿ ನಿಲ್ಲಿಸಿ ಕಾಯುವಂತಿಲ್ಲ, ಒಂಟಿ ಗೆರೆ ಎಂದರೆ ಬೋರ್ಡಿನಲ್ಲಿ ಬರೆದ ಹೊತ್ತಿನಲ್ಲಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಣ್ಣ ಬಳಿಯುವುದು ಫುಟ್‌ಪಾತಿನ ಅಂಚುಕಲ್ಲಿಗೆ: ಕೆಂಪು ಇದ್ದರೆ ನಿಲ್ಲುವಂತೆಯೇ ಇಲ್ಲ, ಹಳದಿ ಹತ್ತಿಸಿ ಇಳಿಸಲು, ಬಿಳಿ ಪ್ರಯಾಣಿಕರನ್ನು ಅಲ್ಪ ಹೊತ್ತಿನಲ್ಲಿ ಇಳಿಸಲು, ಹಸಿರು ಸೀಮಿತ ಸಮಯದ ಪಾರ್ಕಿಂಗಿಗೆ, ನೀಲಿ ಅಂಗವಿಕಲರಿಗೆ. ಹೊಸ ಊರಿಗೆ ಹೋದಾಗ ಮೊದಲು ತಿಳಿದುಕೊಳ್ಳಬೇಕಾದ್ದು ಈ ಬಣ್ಣಗಳ ಅರ್ಥವನ್ನು.

ತಾತ್ಕಾಲಿಕ ನೋಟಿಸುಗಳನ್ನು ಮರೆಯಬೇಡಿ. ಮರ ಕತ್ತರಿಸುವುದಕ್ಕೆ, ಪೈಪು ಹಾಕುವುದಕ್ಕೆ, ಮೆರವಣಿಗೆಗೆ ಎಂದು ಮರಕ್ಕೋ ಕಂಬಕ್ಕೋ ಕಟ್ಟಿದ ಹಾಳೆ ಶಾಶ್ವತ ಬೋರ್ಡಿಗಿಂತ ಮೇಲು. ಕಾನೂನುಬದ್ಧವಾಗಿ ನಿಲ್ಲಿಸಿ ಊರಿಗೆ ಹೋದಿರಿ, ಆಮೇಲೆ ನೋಟಿಸು ಬಂತು ಎಂದಿಟ್ಟುಕೊಳ್ಳಿ. ಜರ್ಮನಿಯ ಅತ್ಯುನ್ನತ ಆಡಳಿತ ನ್ಯಾಯಾಲಯ 2018ರಲ್ಲಿ ಇಂಥ ಪ್ರಕರಣದಲ್ಲಿ, ನೋಟಿಸು ಹಾಕಿ ಮೂರು ಪೂರ್ತಿ ದಿನ ಕಳೆದ ಮೇಲೆ ಗಾಡಿ ಎಳೆದೊಯ್ದರೆ ಅದರ ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು ಎಂದಿತು. ನಿಮ್ಮ ಊರಿನ ಲೆಕ್ಕ ಬೇರೆ ಇರಬಹುದು. ವಾರಗಟ್ಟಲೆ ಗಾಡಿ ಬೀದಿಯಲ್ಲಿ ಬಿಡುವವರು ಯಾರಿಗಾದರೂ ಕೀಲಿ ಕೊಟ್ಟು, ಎರಡು ಮೂರು ದಿನಕ್ಕೊಮ್ಮೆ ನೋಡಿ ಬರಲು ಹೇಳಿ ಹೋಗುವುದು ಒಳ್ಳೆಯದು.

ಬೋರ್ಡೇ ಇಲ್ಲದಿದ್ದರೂ ನಿಲ್ಲಿಸಬಾರದ ಜಾಗಗಳು

ಈ ಭಾಗವನ್ನು ನಿಧಾನವಾಗಿ ಓದಿ. ಬೋರ್ಡು ತಪ್ಪಿದರೆ ದಂಡ ಬೀಳುತ್ತದೆ. ಇಲ್ಲಿ ತಪ್ಪಿದರೆ ಯಾರಿಗಾದರೂ ಪೆಟ್ಟು ಬೀಳುತ್ತದೆ.

ತಿರುವಿನ ಮೂಲೆ. ಎರಡು ರಸ್ತೆ ಕೂಡುವ ಜಾಗದಿಂದ ಜರ್ಮನಿ, ಜಪಾನ್ ಮುಂತಾದ ಕಡೆ ಕನಿಷ್ಠ 5 ಮೀಟರ್, ಬ್ರಿಟನ್ನಿನಲ್ಲಿ 10 ಮೀಟರ್ ಬಿಡಬೇಕು. ಯಾಕಿಷ್ಟು? ಕಾರಿನಲ್ಲಿ ಡ್ರೈವರಿನ ಕಣ್ಣು ಮುಂದಿನ ಬಂಪರಿಗಿಂತ ಸುಮಾರು 2 ಮೀಟರ್ ಹಿಂದಿರುತ್ತದೆ. ಮೂಲೆಗೆ ಅಂಟಿಕೊಂಡು ನೀವು ಗಾಡಿ ನಿಲ್ಲಿಸಿದರೆ, ಅಡ್ಡರಸ್ತೆಯಿಂದ ಬರುವವರು ಏನಾದರೂ ಕಾಣಬೇಕಾದರೆ ಮೊದಲು ತಮ್ಮ ಕಾರಿನ ಮೂತಿಯನ್ನು ಅಷ್ಟುದ್ದ ಮುಖ್ಯರಸ್ತೆಗೆ ಚಾಚಲೇಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಗಾಡಿ ಒಂದು ಸೆಕೆಂಡಿನಲ್ಲಿ 14 ಮೀಟರ್ ಸಾಗುತ್ತದೆ. ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ, ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ ಹೆಚ್ಚುಕಡಿಮೆ ಅಷ್ಟೇ ಬೇಕು. 10 ಮೀಟರ್ ಎಂದರೆ ಎರಡು ಕಾರಿನ ಉದ್ದಕ್ಕಿಂತ ತುಸು ಹೆಚ್ಚು. ಟೇಪು ಹಿಡಿಯಬೇಕಿಲ್ಲ, ದೊಡ್ಡ ಹೆಜ್ಜೆಯಲ್ಲಿ ಹದಿಮೂರು ಹದಿನಾಲ್ಕು ಹೆಜ್ಜೆ.

ಜೀಬ್ರಾ ಕ್ರಾಸಿಂಗ್. ಇದರ ಮೇಲೆ ನಿಲ್ಲಿಸಬಾರದೆಂದು ಎಲ್ಲರಿಗೂ ಗೊತ್ತು, ಅದರ ಮುಂಚೆ ಬಿಡಬೇಕಾದ ಜಾಗದ ಬಗ್ಗೆ ಕಡಿಮೆ ಜನ ಯೋಚಿಸುತ್ತಾರೆ. ಗಾಡಿಗಳು ಬರುವ ದಿಕ್ಕಿನಲ್ಲಿ ಪಟ್ಟಿಗಿಂತ ತುಸು ಮುಂಚೆ ನಿಂತ ಎತ್ತರದ ಕಾರು, ದಾಟಲು ನಿಂತ ಮಗುವನ್ನು ಪೂರ್ತಿ ಮರೆಮಾಡುತ್ತದೆ. ದೊಡ್ಡ ಎಸ್‌ಯುವಿಯ ಬಾನೆಟ್ಟೇ ಒಂದು ಮೀಟರಿನಷ್ಟು ಎತ್ತರವಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕ್ರಾಸಿಂಗಿಗೆ ಮುಂಚಿನ 20 ಅಡಿ, ಅಂದರೆ ಸುಮಾರು 6 ಮೀಟರ್, ಬೋರ್ಡು ಇರಲಿ ಬಿಡಲಿ ಖಾಲಿ ಬಿಡಬೇಕು. ಬ್ರಿಟನ್ನಿನಲ್ಲಿ ಕ್ರಾಸಿಂಗಿನ ಎರಡೂ ಕಡೆ ಅಂಕುಡೊಂಕು ಗೆರೆ ಎಳೆದಿರುತ್ತಾರೆ, ಅದರೊಳಗೆ ನಿಲ್ಲಿಸುವಂತಿಲ್ಲ.

ಬಸ್ ಸ್ಟಾಪು. ಬಸ್ಸು ಓರೆಯಾಗಿ ಒಳಬಂದು, ನೇರವಾಗಿ, ಮತ್ತೆ ಓರೆಯಾಗಿ ಹೊರಹೋಗಬೇಕು. ಹಾಗಾಗಿ ಅದಕ್ಕೆ ತನ್ನ ಉದ್ದದ ಎರಡು ಮೂರು ಪಟ್ಟು ಜಾಗ ಬೇಕು. ಜರ್ಮನಿಯಲ್ಲಿ ಸ್ಟಾಪಿನ ಕಂಬದ ಹಿಂದೆ 15, ಮುಂದೆ 15 ಮೀಟರ್ ಪಾರ್ಕಿಂಗ್ ಇಲ್ಲ. ಒಂದು ಕಾರು ಅಲ್ಲಿ ಸಿಕ್ಕಿಹಾಕಿಕೊಂಡರೆ ಬಸ್ಸು ರಸ್ತೆಯ ನಡುವೆ ನಿಲ್ಲುತ್ತದೆ, ವಯಸ್ಸಾದವರು ಫುಟ್‌ಪಾತಿನಿಂದ ಕೆಳಗಿಳಿದು, ಬೈಕುಗಳ ನಡುವೆ ದಾಟಿ, ಎತ್ತರದ ಮೆಟ್ಟಿಲು ಹತ್ತಬೇಕಾಗುತ್ತದೆ.

ಬೆಂಕಿ ನಂದಿಸುವ ನೀರಿನ ನಲ್ಲಿ. ನ್ಯೂಯಾರ್ಕ್ ನಗರದಲ್ಲಿ ಇದರಿಂದ 15 ಅಡಿ, ಜಪಾನಿನಲ್ಲಿ 5 ಮೀಟರ್ ಬಿಡಬೇಕು. ದಪ್ಪ ಕೊಳವೆಯೊಳಗೆ ನೀರು ತುಂಬಿದಾಗ ಅದು ಮಡಚುವುದಿಲ್ಲ, ಕಾರನ್ನು ಸುತ್ತಿಕೊಂಡು ಹೋಗುವುದಿಲ್ಲ. ಅದಕ್ಕೇ ಈ ಅಂತರ.

ಫುಟ್‌ಪಾತು. ‘ಅರ್ಧ ಚಕ್ರ ಮೇಲೆ ಹತ್ತಿಸಿದರೆ ರಸ್ತೆ ಅಗಲವಾಗುತ್ತದೆ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುವವರಿದ್ದಾರೆ. ಗಾಲಿಕುರ್ಚಿಗೆ ಕನಿಷ್ಠ 90 ಸೆಂಟಿಮೀಟರ್ ಬೇಕು. ಅಷ್ಟು ಉಳಿಯದಿದ್ದರೆ ಆ ಮನುಷ್ಯ ಓಡುವ ಗಾಡಿಗಳ ನಡುವೆ ಇಳಿಯಬೇಕು. ಕಣ್ಣು ಕಾಣದವರು ಕೋಲಿನಿಂದ ಗೋಡೆಯ ಅಂಚು ಹಿಡಿದು ಬರುವಾಗ ಎದುರಾಗುವ ಕಾರಿನ ಕನ್ನಡಿ ಕೋಲಿಗೆ ಸಿಗುವುದಿಲ್ಲ, ಎದೆಗೆ ತಾಗುತ್ತದೆ. ಲಂಡನ್ನಿನಲ್ಲಿ 1974ರಿಂದಲೇ ಫುಟ್‌ಪಾತ್ ಪಾರ್ಕಿಂಗ್ ನಿಷೇಧವಿದೆ, ಬೋರ್ಡು ಹಾಕಿ ಅನುಮತಿ ಕೊಟ್ಟ ಜಾಗ ಬಿಟ್ಟು. ಮೂಲೆಗಳಲ್ಲಿ ಅಂಚುಕಲ್ಲನ್ನು ತಗ್ಗಿಸಿ ಇಳಿಜಾರು ಮಾಡಿರುತ್ತಾರಲ್ಲ, ಅದರ ಮುಂದೆಯೂ ನಿಲ್ಲಿಸಬೇಡಿ. ಗಾಲಿಕುರ್ಚಿಯವರಿಗೆ ಅದೇ ಬಾಗಿಲು.

ಕಿರಿದಾದ ರಸ್ತೆಯಲ್ಲಿ ಎದುರುಬದುರು. ಆ ಬದಿಯಲ್ಲಿ ಈಗಾಗಲೇ ಒಂದು ಗಾಡಿ ಇದ್ದರೆ ಅದರ ನೇರ ಎದುರಿಗೆ ನಿಲ್ಲಿಸುವ ಮುನ್ನ ನಡುವೆ ಉಳಿಯುವ ಅಗಲ ನೋಡಿ. ಲಾರಿ, ಆಂಬುಲೆನ್ಸ್, ಫೈರ್ ಇಂಜಿನ್ನುಗಳಲ್ಲಿ ದೊಡ್ಡವು ಸುಮಾರು 2.5 ಮೀಟರ್ ಅಗಲ, ಕನ್ನಡಿ ಬೇರೆ. ಕನಿಷ್ಠ 3 ಮೀಟರ್ ತೆರವಿರಬೇಕು, ತಿರುವಿದ್ದರೆ ಇನ್ನೂ ಹೆಚ್ಚು. ನಿಮ್ಮ ಕಾರು ಸಲೀಸಾಗಿ ದಾಟಿತು ಎಂಬುದು ಅಳತೆಯಲ್ಲ.

ಉಳಿದವನ್ನು ಬೇಗ ಹೇಳಬಹುದು: ಗೇಟಿನ ಮುಂದೆ (ಎದುರು ಬದಿಯಲ್ಲೂ, ರಸ್ತೆ ಕಿರಿದಾಗಿದ್ದರೆ, ಏಕೆಂದರೆ ಹೊರಬರುವ ಕಾರು ತಿರುಗಲು ಜಾಗ ಬೇಕು), ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ, ಸೇತುವೆಯ ಮೇಲೆ, ಅಂಡರ್‌ಪಾಸಿನಲ್ಲಿ, ರೈಲ್ವೆ ಗೇಟಿನ ಬಳಿ, ಸಿಗ್ನಲ್ ದೀಪವನ್ನೋ ಬೋರ್ಡನ್ನೋ ಮರೆಮಾಡುವಲ್ಲಿ, ಸೈಕಲ್ ಪಥದಲ್ಲಿ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲಿನಲ್ಲಿ, ಮತ್ತು ಈಗಾಗಲೇ ನಿಂತಿರುವ ಗಾಡಿಯ ಪಕ್ಕಕ್ಕೆ ಎರಡನೇ ಸಾಲಾಗಿ. ಕೊನೆಯದಕ್ಕೆ ಎರಡು ನಿಮಿಷದ ನೆಪವೂ ಸಲ್ಲದು. ಒಳಗಿನ ಗಾಡಿಯವರು ಹೊರಬರಲಾರರು, ಓಡುವ ಗಾಡಿಗಳು ಎದುರಿನ ಸಾಲಿಗೆ ನುಗ್ಗಬೇಕು.

ಯಾವ ಮುಖವಾಗಿ ನಿಲ್ಲಿಸಬೇಕು? ಸಂಚಾರ ಹೋಗುವ ದಿಕ್ಕಿಗೇ. ತಪ್ಪು ಬದಿಯಲ್ಲಿ ಎದುರುಮುಖವಾಗಿ ನಿಲ್ಲಿಸಿದರೆ ರಾತ್ರಿ ಬರುವವರಿಗೆ ನಿಮ್ಮ ಗಾಡಿಯ ಹಿಂಭಾಗದ ಕೆಂಪು ಪ್ರತಿಫಲಕಗಳು ಕಾಣುವುದಿಲ್ಲ. ಹೊರಡುವಾಗ ಡ್ರೈವರ್ ಸೀಟು ಫುಟ್‌ಪಾತಿನ ಕಡೆಗಿರುತ್ತದೆ, ಮುಂದಿನ ಗಾಡಿ ದಾಟಿ ಎದುರಿಗೆ ಬರುವುದು ಕಾಣದೆಯೇ ರಸ್ತೆಗೆ ನುಗ್ಗಬೇಕಾಗುತ್ತದೆ.

ಎರಡು ಕಾರುಗಳ ನಡುವೆ ರಿವರ್ಸಿನಲ್ಲಿ ಸೇರಿಸುವುದು

ಮೂತಿ ಮುಂದು ಮಾಡಿ ನುಗ್ಗಿಸಿದರೆ ಹಿಂಭಾಗ ರಸ್ತೆಗೆ ಚಾಚಿಕೊಂಡೇ ಉಳಿಯುತ್ತದೆ, ಏಕೆಂದರೆ ತಿರುಗುವುದು ಮುಂದಿನ ಚಕ್ರಗಳು ಮಾತ್ರ. ಹಿಂದೆ ಹೋಗುವಾಗ ಹಿಂಭಾಗ ಮೊದಲು ಒಳಸೇರುತ್ತದೆ, ಮೂತಿಯನ್ನು ಆಮೇಲೆ ಎಳೆದುಕೊಳ್ಳಬಹುದು. ಕಲಿಯುವಾಗ ನಿಮ್ಮ ಕಾರಿನ ಉದ್ದಕ್ಕಿಂತ ಒಂದೂವರೆ ಮೀಟರ್ ಹೆಚ್ಚಿನ ಜಾಗ ಹುಡುಕಿ. ಕೈ ಪಳಗಿದ ಮೇಲೆ ಒಂದು ಮೀಟರ್ ಸಾಕು.

1. ಇಂಡಿಕೇಟರ್ ಬೇಗ ಹಾಕಿ, ಹಿಂದಿನವರಿಗೆ ನಿಮ್ಮ ಉದ್ದೇಶ ತಿಳಿಯಲಿ. ಮುಂದಿನ ಕಾರಿನ ಪಕ್ಕಕ್ಕೆ ಬಂದು ನಿಲ್ಲಿ. ನಡುವೆ 60 ಸೆಂಟಿಮೀಟರಿನಿಂದ ಒಂದು ಮೀಟರ್ ಇರಲಿ, ಇಬ್ಬರ ಹಿಂದಿನ ಬಂಪರುಗಳೂ ಒಂದೇ ನೇರದಲ್ಲಿರಲಿ.
2. ಕನ್ನಡಿಗಳನ್ನು ನೋಡಿ, ಭುಜದ ಮೇಲಿಂದ ತಿರುಗಿಯೂ ನೋಡಿ. ರಿವರ್ಸ್ ಹಾಕಿ, ನಡೆಯುವ ವೇಗಕ್ಕಿಂತ ನಿಧಾನವಾಗಿ ಹೊರಟು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ.
3. ಕಾರು ಸುಮಾರು 45 ಡಿಗ್ರಿ ಓರೆಯಾದಾಗ, ಅಂದರೆ ಬಲಗನ್ನಡಿಯಲ್ಲಿ ಹಿಂದಿನ ಕಾರಿನ ಮುಂಭಾಗ ಪೂರ್ತಿ ಕಂಡಾಗ, ಚಕ್ರ ನೇರ ಮಾಡಿ.
4. ಹಾಗೇ ನೇರವಾಗಿ ಹಿಂದೆ ಹೋಗಿ. ನಿಮ್ಮ ಮುಂದಿನ ಎಡಮೂಲೆ, ಮುಂದಿನ ಕಾರಿನ ಹಿಂದಿನ ಬಲಮೂಲೆಯನ್ನು ದಾಟಬೇಕು.
5. ದಾಟಿದ ಕೂಡಲೇ ಸ್ಟೇರಿಂಗ್ ಪೂರ್ತಿ ಬಲಕ್ಕೆ. ಮೂತಿ ಒಳಬರುವಾಗ ಮುಂದಿನ ಕಾರಿನ ಮೇಲೂ ಹಿಂದಿನ ಕಾರಿನ ಮೇಲೂ ಕಣ್ಣಿರಲಿ.
6. ಸಮಾನಾಂತರವಾದ ಮೇಲೆ ಚಕ್ರ ನೇರ ಮಾಡಿ, ಎರಡು ಕಾರುಗಳ ನಡುವೆ ಸರಿಸಮನಾಗಿ ನಿಲ್ಲಿಸಿ.

ಅಂಚುಕಲ್ಲಿಗೂ ಚಕ್ರಕ್ಕೂ 15ರಿಂದ 30 ಸೆಂಟಿಮೀಟರ್ ಅಂತರ ಒಳ್ಳೆಯದು. ಕ್ಯಾಲಿಫೋರ್ನಿಯಾದ ಕಾನೂನು 18 ಇಂಚು, ಎಂದರೆ 45 ಸೆಂಟಿಮೀಟರ್ ಮೀರಬಾರದು ಎನ್ನುತ್ತದೆ, ನ್ಯೂಯಾರ್ಕ್ 12 ಇಂಚು.

ಹಿಂದಿನ ಚಕ್ರ ಅಂಚುಕಲ್ಲಿಗೆ ಬಡಿದರೆ ನೀವು ನಾಲ್ಕನೇ ಹಂತದಲ್ಲಿ ಹೆಚ್ಚು ಹಿಂದೆ ಹೋಗಿದ್ದೀರಿ, ಅಥವಾ ಮೂರನೆಯದರಲ್ಲಿ ಓರೆ ಹೆಚ್ಚಾಗಿದೆ. ಕಾರು ಅಂಚಿನಿಂದ ತುಂಬ ದೂರ ಉಳಿದರೆ ಓರೆ ಸಾಲದಾಗಿದೆ. ಮೂತಿ ಮುಂದಿನ ಕಾರಿಗೆ ತಾಗುವಂತಾದರೆ ಐದನೇ ಹಂತಕ್ಕೆ ಅವಸರ ಮಾಡಿದ್ದೀರಿ. ಒಳಗಿದ್ದುಕೊಂಡೇ ಅಷ್ಟಿಷ್ಟು ತಿದ್ದುವುದಕ್ಕಿಂತ ಹೊರಬಂದು ಒಂದನೇ ಹಂತದಿಂದ ಶುರು ಮಾಡುವುದೇ ಬೇಗ ಆಗುತ್ತದೆ. ಟೈರಿನ ಬದಿ ಕಲ್ಲಿಗೆ ಒತ್ತಿಕೊಂಡೇ ನಿಂತರೆ ಒಳಗಿನ ದಾರದ ಪದರ ಹಾಳಾಗುತ್ತದೆ. ಹೊರಗೆ ಏನೂ ಕಾಣದೆ ವಾರಗಳ ಮೇಲೆ ಅಲ್ಲಿ ಉಬ್ಬು ಬರಬಹುದು.

ಓರೆ ಗೆರೆಯ ಅಥವಾ ಲಂಬ ಗೆರೆಯ ಜಾಗದಲ್ಲಿ ಬೋರ್ಡು ಬೇರೆ ಹೇಳದಿದ್ದರೆ ಹಿಂದುಹಿಂದಾಗಿ ಸೇರಿಸುವುದು ಲೇಸು: ಹೊರಡುವಾಗ ಎರಡೂ ಕಡೆ ಕಾಣುತ್ತದೆ. ಹಿಂದಿನ ಬಂಪರು ಫುಟ್‌ಪಾತಿನ ಮೇಲೆ ಚಾಚದಂತೆ ಚಕ್ರವನ್ನು ಕಲ್ಲಿಗಿಂತ ಮುಂಚೆಯೇ ನಿಲ್ಲಿಸಿ.

ಇಳಿಜಾರಿನಲ್ಲಿ

ಹ್ಯಾಂಡ್ ಬ್ರೇಕೊಂದನ್ನೇ ನಂಬಬಾರದು. ಕೇಬಲ್ ಹಿಗ್ಗುತ್ತದೆ, ಬಿಸಿಯಾದ ಡಿಸ್ಕು ತಣ್ಣಗಾಗಿ ಕುಗ್ಗಿದಾಗ ಹಿಡಿತ ಸಡಿಲವಾಗುತ್ತದೆ. ನಿಲ್ಲಿಸಿ ಹದಿನೈದು ನಿಮಿಷದ ಮೇಲೆ ಕಾರು ತಾನೇ ಉರುಳುವುದು ಇದರಿಂದ.

ಮೂತಿ ಇಳಿಮುಖವಾಗಿದ್ದರೆ ಮುಂದಿನ ಚಕ್ರಗಳನ್ನು ಅಂಚುಕಲ್ಲಿನ ಕಡೆಗೆ, ಎಡಕ್ಕೆ ತಿರುಗಿಸಿ. ಉರುಳಿದರೆ ಕಲ್ಲಿಗೆ ತಾಗಿ ನಿಲ್ಲುತ್ತದೆ. ಮೂತಿ ಏರುಮುಖವಾಗಿದ್ದು ಅಂಚುಕಲ್ಲು ಇದ್ದರೆ ಚಕ್ರ ಬಲಕ್ಕೆ, ಆಮೇಲೆ ಮೆಲ್ಲಗೆ ಹಿಂದೆ ಬಿಟ್ಟು ಚಕ್ರದ ಹಿಂಬದಿ ಕಲ್ಲಿಗೆ ಒರಗುವಂತೆ ಮಾಡಿ. ಏರುಮುಖದಲ್ಲಿ ಅಂಚುಕಲ್ಲೇ ಇಲ್ಲದಿದ್ದರೆ ಚಕ್ರ ಎಡಕ್ಕೇ ಇರಲಿ, ಉರುಳಿದರೂ ರಸ್ತೆಯಿಂದ ಹೊರಕ್ಕೆ ಉರುಳಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಜಾರು ಶೇ 3 ಮೀರಿದರೆ ಹೀಗೆ ಚಕ್ರ ತಿರುಗಿಸುವುದು ಕಡ್ಡಾಯ, ತಿರುಗಿಸದಿದ್ದರೆ ದಂಡ.

ಗೇರಿನ ಗಾಡಿಯಾದರೆ ಏರುಮುಖಕ್ಕೆ ಒಂದನೇ ಗೇರು, ಇಳಿಮುಖಕ್ಕೆ ರಿವರ್ಸ್ ಹಾಕಿ ಬಿಡಿ. ಆಟೊಮ್ಯಾಟಿಕ್ ಆದರೆ ಕ್ರಮ ಮುಖ್ಯ: ಕಾಲಿನ ಬ್ರೇಕ್ ಒತ್ತಿಕೊಂಡೇ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಕಾಲು ಸಡಿಲಿಸಿ ಗಾಡಿಯ ಭಾರ ಹ್ಯಾಂಡ್ ಬ್ರೇಕಿನ ಮೇಲೆ ಕೂರಲಿ, ಮತ್ತೆ ಕಾಲಿನ ಬ್ರೇಕ್ ಒತ್ತಿ ಆಮೇಲೆ ‘ಪಿ’. ಮೊದಲೇ ‘ಪಿ’ಗೆ ತಳ್ಳಿದರೆ ಇಡೀ ಕಾರಿನ ಭಾರ ಗೇರುಪೆಟ್ಟಿಗೆಯೊಳಗಿನ ಒಂದು ಸಣ್ಣ ಲೋಹದ ಕೊಕ್ಕೆಯ ಮೇಲೆ ಬೀಳುತ್ತದೆ. ಹೊರಡುವಾಗ ಲಿವರ್ ಬಿಗಿಯಾಗಿ ‘ಟಕ್’ ಎಂದು ಬಿಡಿಸಿಕೊಳ್ಳುವುದು ಅದರ ಗುರುತು.

ಬಾಗಿಲು

ಮುಂದಿನ ಬಾಗಿಲು ಪೂರ್ತಿ ತೆರೆದರೆ ಹತ್ತಿರ ಹತ್ತಿರ ಒಂದು ಮೀಟರ್ ರಸ್ತೆಗೆ ಬರುತ್ತದೆ. ಸೈಕಲ್ಲು, ಸ್ಕೂಟರಿನವರು ಸಾಗುವುದು ಸರಿಯಾಗಿ ಆ ಒಂದು ಮೀಟರಿನಲ್ಲೇ. ಬಾಗಿಲನ್ನು ಹತ್ತಿರದ ಕೈಯಿಂದಲ್ಲ, ದೂರದ ಕೈಯಿಂದ ತೆರೆಯಿರಿ, ಬಲಬಾಗಿಲಾದರೆ ಎಡಗೈ. ಆಗ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಗೂ ಹಿಂದಿನ ರಸ್ತೆಗೂ ಹೋಗುತ್ತದೆ. ಬ್ರಿಟನ್ನಿನ ರಸ್ತೆ ಸಂಹಿತೆ 2022ರಿಂದ ಇದನ್ನೇ ಹೇಳುತ್ತಿದೆ. ಹಿಂದೆ ಕೂತವರಿಗೂ, ಮುಖ್ಯವಾಗಿ ಮಕ್ಕಳಿಗೂ ಹೇಳಿಕೊಡಿ, ಸಾಧ್ಯವಾದಾಗಲೆಲ್ಲ ಅವರನ್ನು ಫುಟ್‌ಪಾತಿನ ಬಾಗಿಲಿನಿಂದ ಇಳಿಸಿ.

ಬೈಕು, ಸ್ಕೂಟರು

ದ್ವಿಚಕ್ರಗಳಿಗೆಂದೇ ಗೆರೆ ಎಳೆದ ಜಾಗದಲ್ಲಿ ಗಾಡಿಯನ್ನು ಅಡ್ಡಲಾಗಿ, ಹಿಂದಿನ ಚಕ್ರ ಅಂಚುಕಲ್ಲಿಗೆ ತಾಗುವಂತೆ ನಿಲ್ಲಿಸಿ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರಿಸಿ ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ಹಿಂದಿನ ಚಕ್ರ ಅಂಚಿಗಿದ್ದರೆ ಮೂತಿ ಏರುಮುಖವಾಗುತ್ತದೆ, ಗಾಡಿ ಹಿಂದೆ ಸರಿದರೂ ಕಲ್ಲು ತಡೆಯುತ್ತದೆ, ಹೊರಡುವಾಗ ನೇರ ರಸ್ತೆ ನೋಡುತ್ತ ಹೊರಡಬಹುದು. ಮೂತಿಯನ್ನು ಅಂಚಿಗೆ ಹಾಕಿದರೆ ಮೂರೂ ಉಲ್ಟಾ. ಗಾಡಿ ಮುಂದಕ್ಕೆ ಸರಿದರೆ ಸೈಡ್ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ, ಬೀಳುತ್ತದೆ. ಹೊರಡುವಾಗ ಏರಿಗೆ ಹಿಂದಕ್ಕೆ ಎಳೆಯಬೇಕು, ಅದೂ ಬರುವ ಗಾಡಿಗಳಿಗೆ ಬೆನ್ನು ಹಾಕಿ.

ಒಂದನೇ ಗೇರಿನಲ್ಲಿ ಬಿಟ್ಟರೆ ಸರಿಯುವುದಿಲ್ಲ. ಗೇರಿಲ್ಲದ ಸ್ಕೂಟರನ್ನು ಇಳಿಜಾರಿನಲ್ಲಿ ಸೆಂಟರ್ ಸ್ಟ್ಯಾಂಡಿಗೇ ಹಾಕಬೇಕು. ಬಿಸಿಲಿಗೆ ಡಾಂಬರು ಮೆತ್ತಗಾದಾಗ ಸೈಡ್ ಸ್ಟ್ಯಾಂಡಿನ ತುದಿ ಒಳಗಿಳಿಯುತ್ತದೆ. ಅದರ ಕೆಳಗೆ ಅಂಗೈ ಅಗಲದ ಗಟ್ಟಿ ಹಲಗೆಯ ತುಂಡು ಇಡಿ. ಸಾಲಿನಲ್ಲಿ ನಿಲ್ಲಿಸುವಾಗ ಹ್ಯಾಂಡಲ್ಲಿಗೂ ಹ್ಯಾಂಡಲ್ಲಿಗೂ ಒಬ್ಬರು ನುಸುಳುವಷ್ಟು ಜಾಗ ಬಿಡಿ, ಇಲ್ಲದಿದ್ದರೆ ಒಂದು ಬಿದ್ದರೆ ಸಾಲೇ ಬೀಳುತ್ತದೆ. ಎರಡು ಕಾರುಗಳ ನಡುವಿನ ಒಂದು ಮೀಟರ್ ಸಂದು ಖಾಲಿ ಜಾಗದಂತೆ ಕಂಡರೂ ಅದು ಆ ಕಾರು ಹೊರಬರಲು ಬಿಟ್ಟಿರುವ ಜಾಗ.

ಮೀಟರು, ಚೀಟಿ, ಆ್ಯಪ್

ಜಗತ್ತಿನ ಮೊದಲ ಪಾರ್ಕಿಂಗ್ ಮೀಟರನ್ನು ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1935ರ ಜುಲೈ 16ರಂದು ನಿಲ್ಲಿಸಿದರು. ಅಂಗಡಿ ಬೀದಿಯಲ್ಲಿ ಬೆಳಿಗ್ಗೆ ನಿಲ್ಲಿಸಿದ ಕಾರುಗಳು ಸಂಜೆಯವರೆಗೂ ಕದಲದೆ, ಸಾಮಾನು ಕೊಳ್ಳಲು ಬಂದವರಿಗೆ ಜಾಗವೇ ಸಿಗದಿದ್ದದ್ದು ಅದಕ್ಕೆ ಕಾರಣ. ಒಂದೇ ಜಾಗ ದಿನದಲ್ಲಿ ಹಲವರಿಗೆ ಸಿಗಲಿ ಎಂಬ ಉದ್ದೇಶ ಇಂದಿಗೂ ಹಾಗೇ ಇದೆ. ಅದಕ್ಕೇ ‘ಗರಿಷ್ಠ 2 ಗಂಟೆ’ ಎಂದಿರುವಲ್ಲಿ ಮತ್ತೆ ಮತ್ತೆ ಹಣ ಹಾಕಿ ಅಲ್ಲೇ ಇರುವುದು ಹೆಚ್ಚಿನ ಊರುಗಳಲ್ಲಿ ನಿಯಮಭಂಗ. ಹೊರಗೆ ಹೋಗಿ ತಕ್ಷಣ ಮರಳಿ ಬಾರದಂತೆ ‘ಒಂದು ಗಂಟೆಯೊಳಗೆ ಮರಳುವಂತಿಲ್ಲ’ ಎಂದೂ ಕೆಲವು ಕಡೆ ಬರೆದಿರುತ್ತಾರೆ.

ಹಣ ಕಟ್ಟಿಯೂ ದಂಡ ಬೀಳುವುದು ಸಾಮಾನ್ಯವಾಗಿ ಹೀಗೆ: ಆ್ಯಪಿನಲ್ಲಿ ಪಕ್ಕದ ಬೀದಿಯ ವಲಯ ಸಂಖ್ಯೆ ಹಾಕಿರುತ್ತಾರೆ, ಹಳೆಯ ಗಾಡಿಯ ನಂಬರು ಆ್ಯಪಿನಲ್ಲಿ ಉಳಿದಿರುತ್ತದೆ, ನಂಬರಿನಲ್ಲಿ ಸೊನ್ನೆಗೂ ‘ಓ’ ಅಕ್ಷರಕ್ಕೂ ಅದಲುಬದಲಾಗಿರುತ್ತದೆ, ಕಾಗದದ ಚೀಟಿ ಬಾಗಿಲು ಹಾಕಿದ ಗಾಳಿಗೆ ಡ್ಯಾಶ್‌ಬೋರ್ಡಿನಿಂದ ಕೆಳಗೆ ಬಿದ್ದಿರುತ್ತದೆ. ಬಾಗಿಲು ಹಾಕಿದ ಮೇಲೆ ಹೊರಗಿನಿಂದ ಒಮ್ಮೆ ಚೀಟಿ ಕಾಣುತ್ತದೆಯೇ ನೋಡಿ. ವಲಯ ಸಂಖ್ಯೆಯನ್ನು ನೆನಪಿನಿಂದ ಹಾಕದೆ ಎದುರಿಗಿರುವ ಬೋರ್ಡು ನೋಡಿಯೇ ಹಾಕಿ. ಮೀಟರು ಕೆಟ್ಟಿದ್ದರೆ ಪುಕ್ಕಟೆ ಎಂದು ತಿಳಿಯಬೇಡಿ. ಹತ್ತಿರದ ಇನ್ನೊಂದು ಯಂತ್ರಕ್ಕೆ ಹೋಗಬೇಕೆಂದೇ ಹಲವು ನಗರಗಳ ನಿಯಮ. ಕೆಟ್ಟ ಯಂತ್ರದ ಫೋಟೊ ತೆಗೆದಿಟ್ಟುಕೊಳ್ಳಿ.

ಯುರೋಪಿನ ಹಲವೆಡೆ ಹಣದ ಬದಲು, ಬಂದ ಹೊತ್ತು ತೋರಿಸುವ ನೀಲಿ ಸಮಯಫಲಕವನ್ನು ಕಾರಿನ ಗಾಜಿನೊಳಗೆ ಕಾಣುವಂತೆ ಇಡಬೇಕು. ಜರ್ಮನಿಯಲ್ಲಿ ಅದನ್ನು ಬಂದ ಹೊತ್ತಿನ ನಂತರದ ಅರ್ಧಗಂಟೆಗೆ ತಿರುಗಿಸುತ್ತಾರೆ: 10.05ಕ್ಕೆ ಬಂದರೆ 10.30, 10.40ಕ್ಕೆ ಬಂದರೆ 11. ನಡುವೆ ಬಂದು ಮುಂದಕ್ಕೆ ತಿರುಗಿಸುವುದು ತಪ್ಪು.

ಅಂಗವಿಕಲರ ಜಾಗದ ಬಗ್ಗೆ ಒಂದು ಮಾತು. ಅದರ ಪಕ್ಕದಲ್ಲಿ ಓರೆ ಗೆರೆ ಎಳೆದ ಪಟ್ಟಿ ಇರುತ್ತದೆ, ಯಾರಿಗೂ ಬೇಡದ ಜಾಗದಂತೆ ಕಾಣುತ್ತದೆ, ಬೈಕುಗಳು ಅಲ್ಲೇ ಬಂದು ನಿಲ್ಲುತ್ತವೆ. ಗಾಲಿಕುರ್ಚಿ ಕಾರಿನಿಂದ ಇಳಿಯುವುದು ಆ ಪಟ್ಟಿಗೆ. ಮರಳಿ ಬಂದಾಗ ಅಲ್ಲಿ ಬೈಕಿದ್ದರೆ ಆ ವ್ಯಕ್ತಿ ತನ್ನ ಕಾರನ್ನೇ ಹತ್ತಲಾರದೆ ರಸ್ತೆಯಲ್ಲಿ ಕಾಯಬೇಕು. ಚಾರ್ಜಿಂಗ್ ಜಾಗವೂ ಹಾಗೆಯೇ: ವಿದ್ಯುತ್ ಗಾಡಿ ಎಂಬ ಕಾರಣಕ್ಕಲ್ಲ, ಚಾರ್ಜ್ ಆಗುತ್ತಿರುವಷ್ಟು ಹೊತ್ತು ಮಾತ್ರ.

ಗಾಡಿ ಕಾಣದಿದ್ದರೆ, ಚಕ್ರಕ್ಕೆ ಬೀಗ ಬಿದ್ದಿದ್ದರೆ

ನಿಲ್ಲಿಸಿದ ಜಾಗ ಖಾಲಿಯಿದ್ದರೆ ಕಳುವಾಯಿತೆಂದು ದೂರು ಕೊಡುವ ಮುನ್ನ ಸಂಚಾರ ಪೊಲೀಸರನ್ನೋ ನಗರಾಡಳಿತವನ್ನೋ ಕೇಳಿ. ಟೋಯಿಂಗ್ ಮಾಡಿದ್ದರೆ ನಂಬರು ಅವರ ಬಳಿ ದಾಖಲಾಗಿರುತ್ತದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟುಹೋದ ಅಥವಾ ನಿಷೇಧವಿರುವಲ್ಲಿ ನಿಲ್ಲಿಸಿದ ಗಾಡಿಯನ್ನು ಎಳೆದೊಯ್ಯಲು ಇಲ್ಲವೇ ಚಕ್ರಕ್ಕೆ ಬೀಗ ಹಾಕಲು ಅಪ್ಪಣೆ ಕೊಡುವ ಅಧಿಕಾರ ಸಮವಸ್ತ್ರದಲ್ಲಿರುವ ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿಗೆ ಇದೆ.

ಬಿಡಿಸಿಕೊಳ್ಳಲು ನೋಂದಣಿ ಪತ್ರ, ಚಾಲನಾ ಪರವಾನಗಿ ಒಯ್ಯಿರಿ. ಸಹಿ ಹಾಕುವ ಮುನ್ನ ಗಾಡಿಯ ಸುತ್ತ ಒಂದು ಸುತ್ತು ಬಂದು ನಾಲ್ಕೂ ಬದಿ, ಬಂಪರಿನ ಕೆಳಭಾಗ, ಚಕ್ರಗಳ ಫೋಟೊ ತೆಗೆಯಿರಿ. ಹೊಸ ಗೀರು ಕಂಡರೆ ಅದನ್ನು ಅಲ್ಲೇ ರಸೀದಿಯ ಮೇಲೆ ಬರೆಸಿ. ಹೊರಗೆ ಬಂದ ಮೇಲೆ ಹೇಳಿದ್ದು ನಿಲ್ಲುವುದಿಲ್ಲ.

ದಂಡ ತಪ್ಪಾಗಿ ಬಿದ್ದಿದೆ ಎನಿಸಿದರೆ ಅದೇ ದಿನ ಆ ಜಾಗಕ್ಕೆ ಹೋಗಿ, ಗಾಡಿ ನಿಂತಿದ್ದ ಜಾಗದಿಂದ ಬೋರ್ಡು ಕಾಣುವ ಹಾಗೆ, ಕಾಣದಿದ್ದರೆ ಕಾಣದ ಹಾಗೆ, ಫೋಟೊ ತೆಗೆಯಿರಿ: ಕೊಂಬೆ ಮುಚ್ಚಿದ ಬೋರ್ಡು, ಅಳಿಸಿಹೋದ ಗೆರೆ, ತಿರುಗಿಕೊಂಡ ಬಾಣ. ತಡಮಾಡಿದರೆ ಕೊಂಬೆ ಕತ್ತರಿಸಿರುತ್ತಾರೆ, ಗೆರೆಗೆ ಬಣ್ಣ ಹೊಡೆದಿರುತ್ತಾರೆ. ಆಕ್ಷೇಪ ಸಲ್ಲಿಸುವ ಗಡುವನ್ನು ಚಲನ್ನಿನ ಹಿಂಬದಿಯಲ್ಲಿ ಓದಿಕೊಳ್ಳಿ. ಮೊದಲು ಹಣ ಕಟ್ಟಿಬಿಟ್ಟರೆ ಹಲವು ಊರುಗಳಲ್ಲಿ ತಪ್ಪೊಪ್ಪಿಕೊಂಡಂತೆ ಲೆಕ್ಕ, ಆಮೇಲೆ ಆಕ್ಷೇಪಕ್ಕೆ ಅವಕಾಶವಿರುವುದಿಲ್ಲ. ಚಕ್ರಕ್ಕೆ ಬೀಗ ಬಿದ್ದಿದ್ದರೆ ಬೀಗದ ಮೇಲಿರುವ ಸಂಖ್ಯೆಗೆ ಫೋನ್ ಮಾಡಿ ಕಾಯಿರಿ. ಗಾಡಿಯನ್ನು ಒಂದಿಂಚೂ ಕದಲಿಸಬೇಡಿ. ಆ ಕಬ್ಬಿಣ ಮೊದಲು ಮುರಿಯುವುದು ಮಡ್‌ಗಾರ್ಡನ್ನೂ ಸಸ್ಪೆನ್ಷನ್ನನ್ನೂ.